ಕ್ಲೀನರನಿಂದ ರೇಡಾರಿನವರೆಗೆ

ಮುಂಬಯಿಯಿಂದ ಊರ ಕಡೆಗೆ ಹೊರಡುವ ನಮ್ಮವರಿಗೆ ಆ ರಸ್ತೆ ಅಂಗೈ ಗೆರೆಯಷ್ಟೇ ಪರಿಚಿತ. ಪುಣೆ ದಾಟಿ, ಖಂಬಾಟಕಿ ಘಾಟು ಹತ್ತಿಳಿದು, ಸಾತಾರ, ಕರಾಡ, ಕೊಲ್ಹಾಪುರಗಳನ್ನು ಹಿಂದೆ ಬಿಟ್ಟು, ನಿಪ್ಪಾಣಿಯ ಹತ್ತಿರ ಕನ್ನಡ ಬೋರ್ಡು ಕಣ್ಣಿಗೆ ಬೀಳುವವರೆಗೆ ಮನಸ್ಸಿಗೆ ನೆಮ್ಮದಿಯಿಲ್ಲ. ಆ ದಾರಿಯ ಲಾರಿಗಳಲ್ಲಿ ಡ್ರೈವರನ ಎಡಕ್ಕೆ ಒಬ್ಬ ಕ್ಲೀನರ್ ಕುಳಿತಿರುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಹೆಸರಿಗೆ ಅವನು ಗಾಡಿ ತೊಳೆಯುವವನು. ನಿಜವಾಗಿ ಡ್ರೈವರನಿಗೆ ಇನ್ನೊಂದು ಜೊತೆ ಕಣ್ಣು. ಎಡಗಡೆಯ ಸೈಕಲ್ಲು ನೋಡುವವನು ಅವನೇ, ಗಾಡಿ ಹಿಂದಕ್ಕೆ ತೆಗೆಯುವಾಗ ಕೆಳಗಿಳಿದು ಕೂಗುವವನು ಅವನೇ, ರಾತ್ರಿ ಮೂರರ ಸುಮಾರಿಗೆ ಡ್ರೈವರನ ಕಣ್ಣು ಎಳೆಯತೊಡಗಿದಾಗ ಊರ ಸುದ್ದಿ ತೆಗೆದು ಎಚ್ಚರವಿಡುವವನೂ ಅವನೇ. ಇಂದಿನ ಕಾರುಗಳಲ್ಲಿ ‘ಅಡಾಸ್’ ಎಂಬ ಹೆಸರಿನಿಂದ ಮಾರಾಟವಾಗುವ ಚಾಲಕ ಸಹಾಯಕ ವ್ಯವಸ್ಥೆ ಈ ಕ್ಲೀನರನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಕಥೆಯೇ ಎಂದು ನಮಗೆ ತೋರುತ್ತದೆ. ಆದರೆ ಕ್ಲೀನರನು ಸ್ಟಿಯರಿಂಗಿಗೆ ಕೈ ಹಾಕುತ್ತಿರಲಿಲ್ಲ.

ಕಳೆದ ದೀಪಾವಳಿಗೆ ನಮ್ಮ ತಂಗಿಯ ಮಗ ಹೊಸ ಕಾರಿನಲ್ಲಿ ನಮ್ಮನ್ನು ಊರಿಗೆ ಕರೆದೊಯ್ದ. ಪುಣೆ ದಾಟಿದ ಮೇಲೆ ಅವನು ಒಂದು ಗುಂಡಿ ಒತ್ತಿ, ಪೆಡಲಿನಿಂದ ಕಾಲು ತೆಗೆದು, “ಮಾಮಾ, ಈಗ ನಾ ಓಡಸಲಿಕ್ಕೆ ಹತ್ತಿಲ್ಲ, ಗಾಡೀನ ತಾನ ಓಡಲಿಕ್ಕೆ ಹತ್ತೇದ” ಎಂದು ನಕ್ಕ. ಹಿಂದೆ ಕುಳಿತಿದ್ದ ಅವನ ತಾಯಿ, “ಮೊದಲ ಕೈ ಗಟ್ಟಿ ಹಿಡಿಯಪಾ” ಎಂದಳು. ತಾಯಿ ಮಗನ ಈ ವ್ಯಾಜ್ಯದಲ್ಲಿ ಯಾರದು ಸರಿ ಎಂಬ ಕುತೂಹಲವೇ ನಮ್ಮನ್ನು ಈ ಇತಿಹಾಸದ ಹಿಂದೆ ಹೋಗುವಂತೆ ಮಾಡಿತು.

ಕಥೆಯ ಮೊದಲ ಪುರುಷ ಒಬ್ಬ ಅಂಧ ಎಂದರೆ ಓದುಗರು ಹುಬ್ಬೇರಿಸಬಹುದು. ಅಮೆರಿಕದ ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ 1890ರಲ್ಲಿ ಹುಟ್ಟಿದ ರಾಲ್ಫ್ ಟೀಟರ್ ಐದನೆಯ ವಯಸ್ಸಿನಲ್ಲಿ ಚಾಕು ತಗುಲಿ ಒಂದು ಕಣ್ಣು ಕಳೆದುಕೊಂಡ. ಬಹಳ ದಿನ ಹೋಗದೆ ಇನ್ನೊಂದೂ ಕುರುಡಾಯಿತು. ಆದರೂ ಹುಡುಗ ಕಾರ್ಖಾನೆಯಲ್ಲಿ ಬೆಳೆದ, ಯಂತ್ರಗಳನ್ನು ಬೆರಳಿನಿಂದ ಓದಿಕೊಂಡ, 1912ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಎಂಜಿನಿಯರ್ ಆಗಿ ಹೊರಬಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಯುದ್ಧನೌಕೆಗಳ ಟರ್ಬೈನು ಚಕ್ರಗಳ ತೂಕವನ್ನು ಸಮಗೊಳಿಸುವ ಕಠಿಣ ಕೆಲಸವನ್ನು ಟೀಟರ್ ಸ್ಪರ್ಶದಿಂದಲೇ ಸಾಧಿಸಿದರು. ಮುಂದೆ ಪಿಸ್ಟನ್ ರಿಂಗುಗಳನ್ನು ತಯಾರಿಸುವ ಪರ್ಫೆಕ್ಟ್ ಸರ್ಕಲ್ ಕಂಪನಿಗೆ ಅಧ್ಯಕ್ಷರಾದರು. 1936ರಲ್ಲಿ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘಕ್ಕೂ ಅಧ್ಯಕ್ಷರಾದರು.

ಒಮ್ಮೆ ಅವರು ತಮ್ಮ ವಕೀಲರ ಕಾರಿನಲ್ಲಿ ಹೋಗುತ್ತಿದ್ದರಂತೆ. ವಕೀಲರು ತಾವು ಮಾತನಾಡುವಾಗ ವೇಗ ತಗ್ಗಿಸುವರು, ಕೇಳುವಾಗ ಏರಿಸುವರು. ಕಣ್ಣಿದ್ದವರಿಗೆ ಇದು ಗಮನಕ್ಕೂ ಬರುತ್ತಿರಲಿಲ್ಲ. ಕಣ್ಣಿಲ್ಲದವರಿಗೆ ಆ ತೂಗಾಟ ಸಹಿಸಲಸಾಧ್ಯ. ಜೊತೆಗೆ ಎರಡನೆಯ ಮಹಾಯುದ್ಧದಲ್ಲಿ ರಬ್ಬರು, ಪೆಟ್ರೋಲು ಉಳಿಸಲೆಂದು ಗಂಟೆಗೆ 35 ಮೈಲಿಯ ಮಿತಿ ಬಂದಿತ್ತು. ವೇಗವನ್ನು ಒಂದೇ ಹದದಲ್ಲಿ ಹಿಡಿಯುವ ಸಾಧನಕ್ಕೆ ಟೀಟರ್ 1945ರಲ್ಲಿ ಅರ್ಜಿ ಹಾಕಿದರು. ಪೇಟೆಂಟ್ ಕೈಗೆ ಬಂದದ್ದು 1950ರಲ್ಲಿ.

ಆ ಸಾಧನದ ಗುಟ್ಟು ಉಗಿಯಂತ್ರದ ಕಾಲದ್ದು. ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ ತಿರುಗುವಿಕೆಯಿಂದ ಸಣ್ಣ ತೂಕಗಳು ಗಿರಗಿರನೆ ತಿರುಗುತ್ತವೆ. ವೇಗ ಹೆಚ್ಚಿದಂತೆ ಹೊರಕ್ಕೆ ಚಾಚುತ್ತವೆ. ಗೊತ್ತುಪಡಿಸಿದ ವೇಗ ಮುಟ್ಟಿದೊಡನೆ ಪೆಡಲು ಕಾಲನ್ನು ಹಿಂದಕ್ಕೆ ಒತ್ತುತ್ತದೆ. ಬೇಕೆಂದರೆ ಚಾಲಕ ಇನ್ನೂ ಜೋರಾಗಿ ತುಳಿದು ಮುಂದೆ ಹೋಗಬಹುದು. ವೇಗಮಾಪಕದ ಮುಳ್ಳು ನೋಡಲಾರದ ಮನುಷ್ಯನು ವೇಗವನ್ನು ಪಾದಕ್ಕೆ ತಿಳಿಯುವಂತೆ ಮಾಡಿದನಲ್ಲ, ಇದು ನಮಗೆ ಬಹಳ ಹಿಡಿಸಿದ ಸಂಗತಿ. ಅದು ಚಾಲಕನನ್ನು ಎಚ್ಚರಿಸುವ ಯಂತ್ರ, ಮಲಗಿಸುವ ಯಂತ್ರವಲ್ಲ. ಪೆಡಲಿನಿಂದ ಕಾಲು ತೆಗೆದರೂ ವೇಗ ನಿಲ್ಲುವಂತೆ ಮಾಡುವ ಬೀಗ ಆಮೇಲೆ ಸೇರಿತು. ಬ್ರೇಕು ತುಳಿದರೆ ಬೀಗ ಬಿಡುತ್ತಿತ್ತು.

1958ರ ಮಾದರಿಯ ಕಾರುಗಳಲ್ಲಿ ಕ್ರೈಸ್ಲರ್ ಕಂಪನಿ ಇದನ್ನು ಮಾರಾಟಕ್ಕಿಟ್ಟಾಗ ಕೊಟ್ಟ ಹೆಸರು ‘ಆಟೋ-ಪೈಲಟ್’! ಮುಂದೆ ಗೂಳಿ ನಿಂತಿದೆಯೋ ಗುಡ್ಡ ನಿಂತಿದೆಯೋ ತಿಳಿಯದ, ವೇಗವೊಂದನ್ನು ಬಿಟ್ಟು ಬೇರೇನೂ ಅರಿಯದ ಸಾಧನಕ್ಕೆ ವಿಮಾನ ನಡೆಸುವವನ ಹೆಸರು. ಕ್ಯಾಡಿಲಾಕ್‌ನವರು ಇಟ್ಟ ‘ಕ್ರೂಸ್ ಕಂಟ್ರೋಲ್’ ಎಂಬ ಹೆಸರೇ ಕೊನೆಗೆ ನಿಂತಿತು. ಹೆಸರಿನ ಆಸೆ ಮಾತ್ರ ಸಾಯಲಿಲ್ಲ, ಮುಂದೆ ನೋಡುವೆವು.

ಇನ್ನು ಬ್ರೇಕಿನ ಸರದಿ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಬಲವಾಗಿ ತುಳಿದರೆ ಚಕ್ರ ಸ್ತಬ್ಧವಾಗಿ ಗಾಡಿ ಜಾರುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ತಿರುಗುವುದಿಲ್ಲ. ಇದಕ್ಕೆ ಮದ್ದು ಮೊದಲು ಸಿದ್ಧವಾದದ್ದು ವಿಮಾನಗಳಿಗಾಗಿ. ಕಾರಿನಲ್ಲಿ ಅದು ಎಲೆಕ್ಟ್ರಾನಿಕ್ ರೂಪದಲ್ಲಿ ಚೆನ್ನಾಗಿ ನೆಲೆಯೂರಿದ್ದು 1978ರಲ್ಲಿ, ಜರ್ಮನಿಯ ಬಾಷ್ ಮತ್ತು ಮರ್ಸಿಡಿಸ್ ಕಂಪನಿಗಳ ಜೊತೆ ದುಡಿಮೆಯಿಂದ. ಚಕ್ರದ ಹಲ್ಲುಬಳೆಯ ಬಳಿ ಒಂದು ಸಂವೇದಕ ಕುಳಿತು ಹಲ್ಲುಗಳನ್ನು ಎಣಿಸುತ್ತದೆ; ಚಕ್ರ ನಿಲ್ಲುವ ಸೂಚನೆ ಕಂಡರೆ ಕಂಪ್ಯೂಟರು ಸೆಕೆಂಡಿಗೆ ಹಲವು ಬಾರಿ ಒತ್ತಡ ಬಿಟ್ಟು ಹಿಡಿಯುತ್ತದೆ. ಬಾಷ್ ಎಂದರೆ ಪರದೇಶದ ಹೆಸರೆಂದು ಓದುಗರು ತಿಳಿಯಬೇಕಿಲ್ಲ. 1951ರಲ್ಲಿ ಹುಟ್ಟಿ, ಬೆಂಗಳೂರಿನ ಒಂದು ಬಡಾವಣೆಗೆ ತನ್ನ ಹೆಸರನ್ನೇ ಕೊಟ್ಟ ನಮ್ಮ ‘ಮೈಕೋ’ ಅದೇ ಮನೆತನದ ಕೂಸು. 2008ರಲ್ಲಿ ಅದು ಬಾಷ್ ಎಂದೇ ಹೆಸರು ಬದಲಿಸಿತು.

1978ರ ಆ ಯಂತ್ರ ಚಾಲಕ ಬ್ರೇಕು ತುಳಿದ ಮೇಲಷ್ಟೇ ಕೈ ಹಾಕುತ್ತಿತ್ತು. 1995ರಲ್ಲಿ ಮರ್ಸಿಡಿಸ್ ಕಾರಿಗೆ ಬಂದ ಇನ್ನೊಂದು ವ್ಯವಸ್ಥೆ ಆ ಗೆರೆ ದಾಟಿತು. ಸ್ಟಿಯರಿಂಗ್ ಒಂದು ಕಡೆ, ಗಾಡಿ ಇನ್ನೊಂದು ಕಡೆ ಹೊರಟಿದೆಯೆಂದು ಕಂಡರೆ, ಚಾಲಕ ಕೇಳದಿದ್ದರೂ, ನಾಲ್ಕರಲ್ಲಿ ಒಂದು ಚಕ್ರಕ್ಕೆ ಮಾತ್ರ ಬ್ರೇಕು ಹಾಕಿ ಗಾಡಿಯನ್ನು ದಾರಿಗೆ ತರುವ ವ್ಯವಸ್ಥೆ ಅದು. ದುಬಾರಿ ಕಾರಿನ ಶೋಕಿಯಾಗಿದ್ದ ಅದನ್ನು ಸಣ್ಣ ಕಾರಿಗೆ ಇಳಿಸಿದ್ದು ಒಂದು ಅವಮಾನ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು, ಅಡ್ಡ ಬರುವ ಕಡವೆಯಂಥ ಪ್ರಾಣಿಯನ್ನು ತಪ್ಪಿಸುವ ಪರೀಕ್ಷೆಯಲ್ಲಿ, ಮರ್ಸಿಡಿಸ್‌ನ ಹೊಸ ಸಣ್ಣ ಕಾರನ್ನು ಮಗುಚಿಹಾಕಿತು. ಕಂಪನಿ ಆ ಮಾದರಿಗೆಲ್ಲ ಈ ರಕ್ಷಣೆಯನ್ನು ಜೋಡಿಸಬೇಕಾಯಿತು.

ಕಂಪ್ಯೂಟರು ಹೀಗೆ ಬ್ರೇಕು ಹಿಡಿದ ಮೇಲೆ ಅದಕ್ಕೆ ಬೇಕಾದದ್ದು ಕಣ್ಣು. ರೇಡಿಯೋ ಅಲೆ ಹಡಗಿಗೆ ಬಡಿದು ಮರಳುವುದನ್ನು ಜರ್ಮನಿಯ ಕ್ರಿಶ್ಚಿಯನ್ ಹುಲ್ಸ್‌ಮೇಯರ್ 1904ರಲ್ಲೇ ತೋರಿಸಿದ್ದರು. 1999ರ ಮರ್ಸಿಡಿಸ್‌ನಲ್ಲಿ ಅದೇ ತತ್ತ್ವದ ಪುಟ್ಟ ರೇಡಾರು ಮುಂಭಾಗದಲ್ಲಿ ಕುಳಿತಿತು. 77 ಗಿಗಾಹರ್ಟ್ಸ್‌ನ ಅಲೆ ಹೋಗಿ ಬರುವ ಸಮಯದಿಂದ ದೂರ, ಮರಳಿದ ಅಲೆಯ ಕಂಪನ ಬದಲಾದುದರಿಂದ ಮುಂದಿನ ಗಾಡಿಯ ವೇಗ ತಿಳಿಯುತ್ತದೆ. ರೈಲು ಹತ್ತಿರ ಬರುವಾಗ ಸೀಟಿಯ ಸ್ವರ ಏರುವುದಿಲ್ಲವೆ, ಅದೇ ಲೆಕ್ಕ. ಟೀಟರರ ವೇಗನಿಯಂತ್ರಕಕ್ಕೆ ಮೊದಲ ಬಾರಿ ಮುಂದಿನವನು ಕಂಡ.

ರಸ್ತೆಯ ಗೆರೆ ನೋಡಲು ಕ್ಯಾಮರಾ ಬೇಕು. ಈ ವಿದ್ಯೆಯ ಆದ್ಯರಲ್ಲಿ ಮ್ಯೂನಿಕ್ ಬಳಿಯ ಸೇನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅರ್ನ್‌ಸ್ಟ್ ಡಿಕ್‌ಮನ್ಸ್ ಒಬ್ಬರು. ಅಂದಿನ ಕಂಪ್ಯೂಟರುಗಳಿಗೆ ಇಡೀ ಚಿತ್ರವನ್ನು ಓದುವ ಶಕ್ತಿ ಇರಲಿಲ್ಲ. ಗೆರೆ ಮುಂದಿನ ಕ್ಷಣ ಎಲ್ಲಿ ಕಾಣಬೇಕೆಂದು ಮೊದಲೇ ಊಹಿಸಿ, ಚಿತ್ರದ ಅಷ್ಟೇ ಭಾಗ ನೋಡಿ, ಊಹೆ ತಪ್ಪಿದಷ್ಟನ್ನು ತಿದ್ದಿಕೊಳ್ಳುವ ಉಪಾಯ ಅವರದು. ನಾವು ಮನುಷ್ಯರೂ ಹೆಚ್ಚುಕಡಿಮೆ ಹೀಗೆಯೇ ನೋಡುತ್ತೇವೆ. 1987ರಲ್ಲಿ ಅವರ ವ್ಯಾನು ಖಾಲಿ ಹೆದ್ದಾರಿಯಲ್ಲಿ ಗಂಟೆಗೆ 96 ಕಿ.ಮೀ. ಓಡಿತು. 1995ರಲ್ಲಿ ಅವರ ಮರ್ಸಿಡಿಸ್ ಕಾರು ಮ್ಯೂನಿಕ್ಕಿನಿಂದ ಡೆನ್ಮಾರ್ಕಿನ ಓಡೆನ್ಸಕ್ಕೆ ಹೋಗಿ ಬಂದಿತು, 1,700 ಕಿ.ಮೀ. ಮೀರಿದ ಆ ದಾರಿಯಲ್ಲಿ ಬಹುಪಾಲು ತಾನೇ ನಡೆಯಿತು. ಆದರೆ ಮನುಷ್ಯನ ಕೈ ತಗುಲದೆ ಅದು ಒಂದೇ ಸಮನೆ ಕ್ರಮಿಸಿದ ಅತಿ ಉದ್ದದ ಹಾದಿ 158 ಕಿ.ಮೀ. ಮಾತ್ರ. ಸ್ಟಿಯರಿಂಗನ್ನು ವಿದ್ಯುತ್ ಮೋಟಾರಿನಿಂದ ಹಗುರ ಮಾಡುವ ಪದ್ಧತಿ 1988ರಿಂದ ಜಪಾನಿನ ಕಾರುಗಳಲ್ಲಿ ಬಂದಿತ್ತು. ಆ ಮೋಟಾರಿಗೆ ಕ್ಯಾಮರಾದ ಆಜ್ಞೆ ಕೊಟ್ಟರೆ ಗಾಡಿ ಗೆರೆಗಳ ನಡುವೆ ನಿಲ್ಲುತ್ತದೆ. ಇಷ್ಟೇ ನಮ್ಮ ಸೋದರಳಿಯನ ಗುಂಡಿಯ ಹಿಂದಿರುವ ಮಾಯೆ.

ಯಂತ್ರದ ಕಥೆ ಇಲ್ಲಿಗಾಯಿತು; ಮನುಷ್ಯನ ಕಥೆ ಬಾಕಿ. ಯುದ್ಧಕಾಲದಲ್ಲಿ ರೇಡಾರಿನ ಪರದೆ ನೋಡುತ್ತ ಕೂತವರು ಶತ್ರುವನ್ನು ಕಾಣದೆ ಬಿಡುತ್ತಿದ್ದುದೇಕೆಂದು ಇಂಗ್ಲೆಂಡಿನ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷಿಸಿ 1948ರಲ್ಲಿ ಪ್ರಕಟಿಸಿದರು. ಗಡಿಯಾರದ ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುವುದನ್ನು ಗುರುತಿಸಬೇಕು, ಅಷ್ಟೇ. ಅರ್ಧ ಗಂಟೆಯಲ್ಲೇ ಚುರುಕಾದ ಯುವಕರ ಗಮನವೂ ಇಳಿಯಿತು. 1983ರಲ್ಲಿ ಲಿಸಾನ್ ಬೇನ್‌ಬ್ರಿಜ್ ಎಂಬ ಮನಶ್ಶಾಸ್ತ್ರಜ್ಞೆ ಇನ್ನೊಂದು ವಿಚಾರ ಮುಂದಿಟ್ಟರು: ಸುಲಭದ ಕೆಲಸಗಳನ್ನು ಯಂತ್ರಕ್ಕೆ ಕೊಟ್ಟು ಅತಿ ಕಠಿಣವಾದುದನ್ನೇ ಮನುಷ್ಯನಿಗೆ ಉಳಿಸುತ್ತೇವೆ, ಅದೂ ಅಭ್ಯಾಸ ತಪ್ಪಿದ ಮನುಷ್ಯನಿಗೆ.

ಕಾರು ತಯಾರಿಸುವವರು ಈ ಮಾತುಗಳನ್ನು ಬೇಗ ಕಿವಿಗೆ ಹಾಕಿಕೊಳ್ಳಲಿಲ್ಲವೆಂದೇ ನಮ್ಮ ಅಭಿಪ್ರಾಯ. 2015ರಲ್ಲಿ ಟೆಸ್ಲಾ ಕಂಪನಿ ತನ್ನ ವ್ಯವಸ್ಥೆಯನ್ನು ಜನರ ಕೈಗೆ ಕೊಟ್ಟಾಗ ಅದರ ಹೆಸರು ಮತ್ತೆ ‘ಆಟೋಪೈಲಟ್’. 2016ರ ಮೇ ತಿಂಗಳಲ್ಲಿ ಫ್ಲೋರಿಡಾದಲ್ಲಿ ಅಂಥ ಕಾರೊಂದು ರಸ್ತೆಗೆ ಅಡ್ಡಲಾಗಿ ತಿರುಗುತ್ತಿದ್ದ ಬಿಳಿಯ ಟ್ರೇಲರಿನ ಕೆಳಗೆ ನುಗ್ಗಿತು, ಚಾಲಕ ತೀರಿಕೊಂಡ. ವ್ಯವಸ್ಥೆ ನಡೆಯುತ್ತಿದ್ದ 37 ನಿಮಿಷಗಳಲ್ಲಿ ಸ್ಟಿಯರಿಂಗಿನ ಮೇಲೆ ಕೈ ಗೊತ್ತಾದದ್ದು 25 ಸೆಕೆಂಡು ಮಾತ್ರ ಎಂದು ಸರ್ಕಾರಿ ತನಿಖೆ ಹೇಳಿತು. ತಪ್ಪು ಟ್ರಕ್ಕಿನವನದೂ ಹೌದು, ಯಂತ್ರವನ್ನು ಅತಿಯಾಗಿ ನಂಬಿದವನದೂ ಹೌದು. ಹಾಗೆ ನಂಬಲು ಎಡೆಗೊಟ್ಟ ವಿನ್ಯಾಸದ ಪಾಲನ್ನೂ ತನಿಖೆ ಎತ್ತಿ ತೋರಿಸಿತು. ಅದಕ್ಕೆ ಎರಡು ವರ್ಷ ಮೊದಲು, 2014ರಲ್ಲಿ, ಟೀಟರ್ ಅಧ್ಯಕ್ಷರಾಗಿದ್ದ ಅದೇ ಎಂಜಿನಿಯರುಗಳ ಸಂಘ ಸೊನ್ನೆಯಿಂದ ಐದರವರೆಗೆ ಮೆಟ್ಟಿಲುಗಳನ್ನು ಗೊತ್ತುಮಾಡಿತ್ತು. ಎರಡನೆಯ ಮೆಟ್ಟಿಲಿನಲ್ಲಿ ಗಾಡಿ ವೇಗವನ್ನೂ ದಿಕ್ಕನ್ನೂ ಹಿಡಿಯುತ್ತದೆ, ನೋಡುವ ಹೊಣೆ ಪೂರ್ತಿ ಮನುಷ್ಯನದು. ನಮ್ಮ ದೇಶದ ರಸ್ತೆಯಲ್ಲಿ ಮಾರಾಟವಾಗುವ ಅಡಾಸ್ ಕಾರುಗಳು ಇದರಿಂದ ಮೇಲೆ ಹೋಗಿಲ್ಲ.

ಈಗ ಪ್ರಯಾಣಕ್ಕೆ ಮರಳೋಣ. ಕರಾಡ ದಾಟುವಾಗ ಸಂಜೆ ಕವಿದಿತ್ತು, ಕಬ್ಬು ಕಡಿಯುವ ಹಂಗಾಮು. ರಸ್ತೆ ಅಗಲ ಮಾಡುವ ಕೆಲಸದಿಂದ ಬಿಳಿಗೆರೆಗಳು ಅಳಿಸಿಹೋಗಿದ್ದವು. ಡ್ಯಾಶ್‌ಬೋರ್ಡಿನ ಹಸಿರು ಚಿಹ್ನೆ ಸದ್ದಿಲ್ಲದೆ ಆರಿತ್ತು, ಸೋದರಳಿಯ ನೋಡಿರಲಿಲ್ಲ. ಮುಂದೆ ಒಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಕೆಂಪು ದೀಪವಿಲ್ಲ, ಅಡ್ಡಡ್ಡ ಚಾಚಿದ ಕಬ್ಬಿನ ಸೋಗೆ. ವಾಹನಗಳ ಬೆನ್ನನ್ನು ಚಿತ್ರಗಳಿಂದ ಕಲಿತ ಕ್ಯಾಮರಾಕ್ಕೆ ಕತ್ತಲಲ್ಲಿ ನಡೆಯುವ ಆ ಹಸಿರು ರಾಶಿ ಗಾಡಿಯಂತೆ ಕಂಡಿರಲಾರದು. “ಏ, ಕಬ್ಬಿನ ಗಾಡಿ!” ಎಂದು ಹಿಂದಿನಿಂದ ತಂಗಿ ಚೀರಿದಳು. ಅವನು ಬ್ರೇಕು ತುಳಿದ. ಯಂತ್ರದ ಎಚ್ಚರಿಕೆಯ ಗಂಟೆ ಆಮೇಲೆ ಹೊಡೆಯಿತು. 1978ರ ವಿದ್ಯೆಯಿಂದ ಚಕ್ರಗಳು ಜಾರಲಿಲ್ಲ, ಕಾರು ಸೋಗೆಗೆ ಒಂದು ಮಾರು ದೂರದಲ್ಲಿ ನಿಂತಿತು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮುಂದಿನ ಧಾಬಾದಲ್ಲಿ ಚಹ ಕುಡಿದಾದ ಮೇಲೆ ತಂಗಿ ನಮ್ಮನ್ನು ಹಿಂದಿನ ಸೀಟಿಗೆ ಕಳಿಸಿ, ತಾನು ಮಗನ ಎಡಕ್ಕೆ ಬಂದು ಕುಳಿತಳು. ನಿಪ್ಪಾಣಿಯವರೆಗೆ ಅವನೊಡನೆ ಊರ ಸುದ್ದಿ ಮಾತಾಡುತ್ತಲೇ ಇದ್ದಳು.