ಹೊರೆಯಾಳು ಗುರುವಾದ ಕಥೆ

ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಗಾದೆ ಚರಿತ್ರೆಗೂ ಸಲ್ಲುತ್ತದೆ. ಎವರೆಸ್ಟ್ ಶಿಖರದ ಕಥೆಯನ್ನೇ ನೋಡಿ. 1953ನೆಯ ಇಸವಿ ಮೇ 29ರಂದು ನ್ಯೂಜಿಲೆಂಡಿನ ಎಡ್ಮಂಡ್ ಹಿಲರಿಯವರೂ ದಾರ್ಜೀಲಿಂಗಿನ ತೇನ್‌ಸಿಂಗ್ ನೋರ್ಗೆಯವರೂ ಅದರ ನೆತ್ತಿಯ ಮೇಲೆ ನಿಂತರು; ಅಲ್ಲಿಗೆ ನಮ್ಮ ಶಾಲೆಯ ಪಾಠ ಮುಗಿಯಿತು. ಶಿಖರದ ಮೇಲೆ ಅವರು ಇದ್ದದ್ದು ಸುಮಾರು ಹದಿನೈದು ನಿಮಿಷ. ಇಳಿದು ಬಂದ ಮೇಲೆ ತೇನ್‌ಸಿಂಗರು ಜೀವನಕ್ಕೆ ಏನು ಮಾಡಿದರು ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವವರು ವಿರಳ. ಅವರು ಮೇಷ್ಟರಾದರು. ಒಂದಲ್ಲ ಎರಡಲ್ಲ, ಇಪ್ಪತ್ತೆರಡು ವರ್ಷ ಕಾಲ, 1954ರಿಂದ 1976ರವರೆಗೆ, ಬಯಲುನಾಡಿನ ತರುಣರಿಗೆ ಬೆಟ್ಟ ಹತ್ತುವುದನ್ನೂ ಇಳಿಯುವುದನ್ನೂ ಹೇಳಿಕೊಡುವ ಶಾಲೆಯಲ್ಲಿ ದುಡಿದರು. ಹದಿನೈದು ನಿಮಿಷದ ಕಥೆ ಎಲ್ಲರ ಬಾಯಲ್ಲೂ ಇದೆ; ಇಪ್ಪತ್ತೆರಡು ವರ್ಷದ ಕಥೆ ಮರೆಯಲ್ಲಿ ಉಳಿದಿದೆ. ಅದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅನುಚಿತವಾಗಲಾರದು.

ಶೆರ್ಪಾ ಜನರ ಮೂಲಸ್ಥಾನ ನೇಪಾಳದ ಸೋಲು ಖುಂಬು ಪ್ರಾಂತ. ಆಲೂಗಡ್ಡೆ ಬೆಳೆದು, ಯಾಕ್ ಮೇಯಿಸಿ, ಕಣಿವೆ ದಾಟಿ ಟಿಬೆಟ್ಟಿನೊಡನೆ ವ್ಯಾಪಾರ ಮಾಡಿ ಬದುಕುತ್ತಿದ್ದ ಜನ. ಬ್ರಿಟಿಷರು ದಾರ್ಜೀಲಿಂಗನ್ನು ಗಿರಿಧಾಮವಾಗಿ ಬೆಳೆಸಿದಾಗ ಕೂಲಿಯನ್ನು ಅರಸಿ ಇವರಲ್ಲಿ ಅನೇಕರು ಅಲ್ಲಿಗೆ ನಡೆದು ಬಂದರು. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಕೆಲ್ಲಾಸ್ ಎಂಬುವರು 1907ರಿಂದ ಸಿಕ್ಕಿಮಿನ ಪರ್ವತಗಳಿಗೆ ಹೋಗುವಾಗ ಇವರನ್ನು ಕರೆದುಕೊಂಡು ಹೋಗಿ, ಎತ್ತರದ ತೆಳುಗಾಳಿಯಲ್ಲಿ ಇವರಿಗಿರುವ ತಾಳಿಕೆಯನ್ನು ಕಂಡು ಮೆಚ್ಚಿದರು. 1921ರಲ್ಲಿ ಎವರೆಸ್ಟಿನ ಮೊದಲನೆಯ ಪರಿಶೀಲನ ಯಾತ್ರೆ ಹೊರಟಾಗ ಹೊರೆ ಹೊರುವುದಕ್ಕೆ ಶೆರ್ಪಾಗಳೇ ಬೇಕೆಂಬುದು ಆಗಲೇ ನಿಶ್ಚಯವಾಗಿತ್ತು. ಹಣೆಗೆ ಅಗಲವಾದ ಪಟ್ಟಿ ಕೊಟ್ಟು, ಬೆನ್ನ ಮೇಲೆ ಡೇರೆ, ದಿನಸಿ, ಹಗ್ಗಗಳ ಹೊರೆ ಹೇರಿಕೊಂಡು ಇವರು ಮುಂದೆ ಹೋಗಬೇಕು; ಮೇಲೆ ಒಲೆ ಹಚ್ಚಿ ಚಹ ಕಾಯಿಸಿ ಸಾಹೇಬರಿಗೆ ಕೊಡಬೇಕು. ಯಾತ್ರೆ ಮುಗಿದಾಗ ಸಾಹೇಬರು ಒಂದು ಪುಸ್ತಕದಲ್ಲಿ ಆಳಿನ ನಡತೆಯನ್ನು ಕುರಿತು ನಾಲ್ಕು ಸಾಲು ಬರೆದುಕೊಡುತ್ತಿದ್ದರು. ಮುಂದಿನ ಕೆಲಸ ಸಿಗುವುದು ಬಿಡುವುದು ಆ ನಾಲ್ಕು ಸಾಲಿನ ಮೇಲೆ ನಿಂತಿತ್ತು. ಹೊತ್ತವನಿಗೆ ಅದನ್ನು ಓದಲು ಬರುತ್ತಿರಲಿಲ್ಲ.

ಈ ಕೂಲಿಯ ಬೆಲೆ ಎಷ್ಟೆಂಬುದು ಬಹು ಬೇಗ ತಿಳಿಯಿತು. 1922ನೆಯ ಇಸವಿ ಜೂನ್ 7ರಂದು ಎವರೆಸ್ಟಿನ ಉತ್ತರದ ಇಳಿಜಾರಿನಲ್ಲಿ ಹಿಮ ಕುಸಿದು ಏಳು ಮಂದಿ ಹೊರೆಯಾಳುಗಳು ಸತ್ತರು. ಬಿಳಿಯರಲ್ಲಿ ಒಬ್ಬರೂ ಸಾಯಲಿಲ್ಲ. ಆ ತಂಡದಲ್ಲಿದ್ದ ಡಾಕ್ಟರ್ ಸಾಮರ್ವೆಲ್, ಮುಂದೆ ತಿರುವಾಂಕೂರಿನ ನೆಯ್ಯೂರಿನಲ್ಲಿ ಮಿಷನ್ ಆಸ್ಪತ್ರೆಯ ಶಸ್ತ್ರವೈದ್ಯರಾಗಿ ಬಹುಕಾಲ ಬಾಳಿದವರು, ತಮ್ಮಲ್ಲೊಬ್ಬನಾದರೂ ಅವರ ಪಾಲನ್ನು ಹಂಚಿಕೊಳ್ಳಬಾರದಾಗಿತ್ತೇ ಎಂದು ನೊಂದು ಬರೆದುಕೊಂಡರು. 1934ರಲ್ಲಿ ನಂಗಾ ಪರ್ಬತದ ಮೇಲೆ ಬಿರುಗಾಳಿಗೆ ಸಿಕ್ಕಿ ಮೂವರು ಜರ್ಮನರೊಡನೆ ಆರು ಮಂದಿ ಶೆರ್ಪಾಗಳು ಹೋದರು. ಅವರಲ್ಲಿ ಗೇಲೆ ಎಂಬಾತನು ನಡೆಯಲಾರದೆ ಬಿದ್ದಿದ್ದ ನಾಯಕ ಮೆರ್ಕ್ಲ್ ಅವರನ್ನು ಬಿಟ್ಟು ಬರಲು ಒಪ್ಪದೆ ಅವರ ಪಕ್ಕದಲ್ಲಿಯೇ ಪ್ರಾಣ ಬಿಟ್ಟನು. 1937ರಲ್ಲಿ ಅದೇ ಪರ್ವತದಲ್ಲಿ ಒಂದೇ ರಾತ್ರಿ ಏಳು ಮಂದಿ ಜರ್ಮನರನ್ನೂ ಒಂಬತ್ತು ಮಂದಿ ಶೆರ್ಪಾಗಳನ್ನೂ ಹಿಮ ಮುಚ್ಚಿತು. 1939ರಲ್ಲಿ ಕೆ-2 ಶಿಖರದ ಮೇಲೆ ಉಳಿದುಹೋದ ಅಮೆರಿಕದವರೊಬ್ಬರನ್ನು ಕರೆತರಲು ಪಾಸಂಗ್ ಕಿಕುಲಿ ಇಬ್ಬರು ಸಂಗಡಿಗರೊಡನೆ ಮತ್ತೆ ಮೇಲಕ್ಕೆ ಹೋದನು. ಮೂವರೂ ಹಿಂದಿರುಗಲಿಲ್ಲ.

ಇಂಥವರನ್ನು ಬರಿಯ ಕೂಲಿಗಳೆಂದು ಕರೆಯುವುದು ಕ್ರಮೇಣ ಸಾಹೇಬರಿಗೂ ಸಂಕೋಚವಾಯಿತು. 1928ರಲ್ಲಿ ಸ್ಥಾಪಿತವಾದ ಹಿಮಾಲಯನ್ ಕ್ಲಬ್ಬು ಶೆರ್ಪಾಗಳ ಪಟ್ಟಿಯನ್ನಿಟ್ಟು, ಅತ್ಯುನ್ನತ ಶಿಬಿರಗಳಿಗೆ ಹೊರೆ ಮುಟ್ಟಿಸಿದವರಿಗೆ ‘ಹುಲಿ’ ಎಂಬ ಬಿರುದನ್ನೂ ಪದಕವನ್ನೂ ಕೊಡತೊಡಗಿತು. 1938ರ ಎವರೆಸ್ಟ್ ಯಾತ್ರೆಯ ಬಳಿಕ ಆ ಪದಕ ಪಡೆದವರಲ್ಲಿ ತೇನ್‌ಸಿಂಗರೂ ಒಬ್ಬರು. ಮೂರು ವರ್ಷ ಮೊದಲು, 1935ರಲ್ಲಿ, ಅನುಭವವಿಲ್ಲದ ಹುಡುಗನಾಗಿದ್ದ ಅವರನ್ನು ಎರಿಕ್ ಶಿಪ್ಟನ್ ಕೊನೆಯ ಗಳಿಗೆಯಲ್ಲಿ ಮುಖದ ನಗೆಯನ್ನು ನೋಡಿ ಆರಿಸಿಕೊಂಡಿದ್ದರು. ಹಿಮದಲ್ಲಿ ಮೆಟ್ಟಲು ಕಡಿಯುವುದು, ಹಗ್ಗ ಹಿಡಿಯುವುದು, ಬಿರುಕುಗಳನ್ನು ಗುರುತಿಸುವುದು ಇವನ್ನು ಆ ಕಾಲದ ಶೆರ್ಪಾಗಳು ಹೆಚ್ಚಾಗಿ ಹೊರೆ ಹೊತ್ತು ನಡೆಯುತ್ತಲೇ, ಮುಂದೆ ಹೋಗುವವನ ಕೈಕಾಲು ನೋಡಿಯೇ ಕಲಿತರು. ಕಲಿತದ್ದು ಎಷ್ಟಾದರೂ ಮುಂದೆ ಹೋಗೋಣ, ಹಿಂದೆ ತಿರುಗೋಣ ಎಂದು ಹೇಳುವ ಅಧಿಕಾರ ಮಾತ್ರ ಅವರದಾಗಿರಲಿಲ್ಲ. ಹವೆ ಕೆಡುವುದನ್ನು ಬಲ್ಲ ಆಳು, ಅದನ್ನರಿಯದ ಧಣಿ: ಪರ್ವತದ ಮೇಲೆ ಇದಕ್ಕಿಂತ ಅಪಾಯಕರವಾದ ಜೊತೆ ಇನ್ನೊಂದಿಲ್ಲ.

1953ರಲ್ಲಿಯೂ ಈ ಅಂತರ ಮಾಯವಾಗಿರಲಿಲ್ಲ. ಆ ವರ್ಷದ ಯಾತ್ರೆ ಕಾಠ್ಮಂಡುವಿನಿಂದ ಹೊರಡುವ ಮುನ್ನ ಆಂಗ್ಲರು ತಮ್ಮ ರಾಯಭಾರ ಕಚೇರಿಯಲ್ಲಿ ಇಳಿದುಕೊಂಡರು. ಶೆರ್ಪಾಗಳಿಗೆ ಸಿಕ್ಕಿದ್ದು ಅಲ್ಲಿಯ ಮೋಟಾರು ಷೆಡ್ಡಿನ ನೆಲ. ಅವರು ಪ್ರತಿಭಟಿಸಿದರು, ನಡುವೆ ನಿಂತು ಎರಡು ಕಡೆಗೂ ಸಮಾಧಾನ ಹೇಳಬೇಕಾಗಿ ಬಂದದ್ದು ತೇನ್‌ಸಿಂಗರಿಗೆ. ಮೂರು ತಿಂಗಳೊಳಗೆ ಅದೇ ತೇನ್‌ಸಿಂಗರನ್ನು ಜಗತ್ತೆಲ್ಲ ಹೊಗಳಿತು. ಮೊದಲು ಕಾಲಿಟ್ಟವರು ಯಾರು, ತೇನ್‌ಸಿಂಗರು ಯಾವ ದೇಶದವರು ಎಂಬ ವಾದಗಳು ಎದ್ದವು. ಪ್ರಧಾನಿ ನೆಹರೂ ಅವರೂ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಅವರೂ ಈ ಗದ್ದಲದಾಚೆಗೆ ನೋಡಿದರು. ಸನ್ಮಾನ ಸಮಾರಂಭಗಳು ಮುಗಿದ ಮೇಲೆ ಈ ಮನುಷ್ಯನ ವಿದ್ಯೆ ಅವನೊಡನೆಯೇ ಕೊನೆಯಾಗಬಾರದು ಎಂಬುದು ಅವರ ಆಲೋಚನೆ. 1954ನೆಯ ಇಸವಿ ನವೆಂಬರ್ 4ರಂದು ದಾರ್ಜೀಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಪ್ರಾರಂಭವಾಯಿತು. ಭಾರತೀಯ ಸೇನೆಯ ಮೇಜರ್ ನರೇಂದ್ರ ಧರ್ ಜಯಾಲ್ ಮೊದಲನೆಯ ಪ್ರಾಂಶುಪಾಲರು. ಬಯಲು ಶಿಕ್ಷಣದ ನಿರ್ದೇಶಕರು ತೇನ್‌ಸಿಂಗ್ ನೋರ್ಗೆ.

ಇಲ್ಲಿ ಒಂದು ತೊಡಕು ಎದುರಾಯಿತು. ಬಲ್ಲವನೆಲ್ಲ ಹೇಳಿಕೊಡಬಲ್ಲವನಾಗುವುದಿಲ್ಲ. ಅಡಿಗೆಯಲ್ಲಿ ಪಳಗಿದ ಅಜ್ಜಿಯನ್ನು ಉಪ್ಪೆಷ್ಟು ಎಂದು ಕೇಳಿದರೆ ‘ರುಚಿಗೆ ತಕ್ಕಷ್ಟು’ ಎನ್ನುವುದಿಲ್ಲವೆ? ಶೆರ್ಪಾಗಳ ವಿದ್ಯೆಯೂ ಹಾಗೆಯೇ ಕೈಯಲ್ಲಿತ್ತು, ಕಾಲಲ್ಲಿತ್ತು, ಮಾತಿನಲ್ಲಿ ಇರಲಿಲ್ಲ. ಅದಕ್ಕಾಗಿ ಅದೇ ವರ್ಷ ತೇನ್‌ಸಿಂಗರೂ, ಆಂಗ್ ಥಾರ್ಕೆ, ದಾ ನಾಮ್‌ಗ್ಯಾಲ್, ನವಾಂಗ್ ಗೊಂಬು ಮೊದಲಾದ ಶೆರ್ಪಾಗಳೂ ಸ್ವಿಟ್ಜರ್‌ಲೆಂಡಿಗೆ ಹೋದರು. ರೋಸೆನ್‌ಲಾವಿ ಎಂಬಲ್ಲಿ ಅರ್ನಾಲ್ಡ್ ಗ್ಲಾಟ್‌ಹಾರ್ಡ್ ಎಂಬ ಅನುಭವಿ ಮಾರ್ಗದರ್ಶಿಯ ಶಾಲೆಯಿತ್ತು. ಎಂಟು ಸಾವಿರ ಮೀಟರು ಹತ್ತಿದವರು ಅಲ್ಲಿ ಸಣ್ಣ ಬಂಡೆಗಳ ಮುಂದೆ ನಿಂತು ಮೊದಲಿನಿಂದ ಪಾಠ ಹೇಳಿಸಿಕೊಂಡರು. ಒಂದು ಗಂಟನ್ನು ಹೇಗೆ ಹಾಕುವುದೆಂದಲ್ಲ, ಹಾಕಲು ಬಾರದವನಿಗೆ ಹೇಗೆ ತೋರಿಸುವುದೆಂದು ಕಲಿತರು.

ಆಲ್ಪ್ಸ್ ಸೀಮೆಯಲ್ಲಿ ಅವರು ಕಂಡ ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಅಲ್ಲಿಯೂ ಮೊದಲು ಪರ್ವತ ಹತ್ತಿಸುತ್ತಿದ್ದವರು ದನಗಾಹಿಗಳು, ಬೇಟೆಗಾರರು, ಬಂಡೆಯಿಂದ ಸ್ಫಟಿಕ ತೆಗೆಯುವವರು. 1820ರಲ್ಲಿ ಮಾಂಟ್ ಬ್ಲಾಂಕ್ ಶಿಖರಕ್ಕೆ ಯಾತ್ರಿಕರನ್ನು ಕರೆದೊಯ್ಯುವಾಗ ಹಿಮ ಕುಸಿದು ಮೂವರು ಮಾರ್ಗದರ್ಶಿಗಳು ಸತ್ತರು. ಮರುವರ್ಷವೇ ಶಾಮೊನಿ ಗ್ರಾಮದವರು ಮಾರ್ಗದರ್ಶಿಗಳ ಸಂಘವೊಂದನ್ನು ಕಟ್ಟಿ ತಮ್ಮ ಕಸುಬಿಗೆ ಕಟ್ಟಳೆ ಮಾಡಿಕೊಂಡರು. ಅಲ್ಲಿಂದೀಚೆಗೆ ಆ ದೇಶಗಳಲ್ಲಿ ಮಾರ್ಗದರ್ಶಿಯ ವೃತ್ತಿ ಗೌರವದ ವೃತ್ತಿಯಾಗಿ ಬೆಳೆಯಿತು. ಬೆಟ್ಟದ ಮೇಲೆ ಅವನ ಮಾತೇ ಕೊನೆಯ ಮಾತು; ಹಣ ಕೊಟ್ಟವನೂ ಅವನು ಹೇಳಿದಲ್ಲಿ ತಿರುಗಬೇಕು. ನಮ್ಮಲ್ಲಿ ಅಂಥದಕ್ಕೆ 1954ರವರೆಗೆ ಕಾಯಬೇಕಾಯಿತು.

ದಾರ್ಜೀಲಿಂಗಿನ ಶಾಲೆಯ ಪಾಠಕ್ರಮವನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಶಿಖರಕ್ಕೆ ಅದರಲ್ಲಿ ಕೊನೆಯ ಸ್ಥಾನ. ಮೊದಲು ಊರ ಹತ್ತಿರದ ಬಂಡೆಗಳಲ್ಲಿ ಅಭ್ಯಾಸ. ಆ ಬಂಡೆಗಳಿಗೆ ಈಗ ತೇನ್‌ಸಿಂಗ್ ಬಂಡೆ, ಗೊಂಬು ಬಂಡೆ ಎಂದೇ ಹೆಸರು. ಅನಂತರ ಪಶ್ಚಿಮ ಸಿಕ್ಕಿಮಿನ ಯೋಕ್ಸಮ್ ಗ್ರಾಮದಿಂದ ಕಾಡುದಾರಿಯಲ್ಲಿ ಜೋಂಗ್ರಿಯ ಹುಲ್ಲುಗಾವಲಿಗೆ, ಅಲ್ಲಿಂದ ಚೌರಿಖಾಂಗ್ ಶಿಬಿರಕ್ಕೆ, ರಾಥೊಂಗ್ ಹಿಮನದಿಗೆ ನಡಿಗೆ. ಕಲ್ಕತ್ತೆಯಿಂದಲೋ ಬೆಂಗಳೂರಿನಿಂದಲೋ ಹೋದ ತರುಣನು ಮೊದಲನೆಯ ದಿನ ಓಡುವಂತೆ ನಡೆದು ಮೂರನೆಯ ದಿನ ಕುಳಿತುಬಿಡುತ್ತಾನೆ. ನಿಧಾನವಾಗಿ ನಡೆಯುವುದನ್ನು ಕಲಿಸುವುದೇ ಬೋಧಕನ ಮೊದಲ ಪಾಠ. ಆಮೇಲೆ ನೀರು ಕುಡಿಯುವುದು, ಕಾಲ್ಚೀಲ ಒಣಗಿಸುವುದು, ಹಗ್ಗವನ್ನು ತುಳಿಯದಿರುವುದು. ಆಮೇಲೆ ಬೀಳುವುದು: ಹಿಮದ ಇಳಿಜಾರಿನಲ್ಲಿ ಬೇಕೆಂದೇ ಜಾರಿಸಿ, ಹಿಮಗೊಡಲಿಯನ್ನು ಎದೆಯಡಿ ಊರಿ ತಡೆದು ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಿಸುತ್ತಾರೆ.

ಬೋಧಕನ ಕೆಲಸ ಇಷ್ಟರಲ್ಲಿ ಮುಗಿಯುವುದಿಲ್ಲ. ಅವನ ಕಣ್ಣು ಬೆಟ್ಟಕ್ಕಿಂತ ಹೆಚ್ಚಾಗಿ ಹುಡುಗರ ಮೇಲೆ ಇರಬೇಕು. ಬೆಳಿಗ್ಗೆ ಹರಟೆ ಹೊಡೆಯುತ್ತಿದ್ದವನು ಸಂಜೆ ಮೌನವಾಗಿದ್ದರೆ, ಊಟ ಬೇಡವೆಂದರೆ, ನೇರ ನಡೆಯದೆ ತೂರಾಡಿದರೆ, ಅದು ಎತ್ತರದ ಕಾಯಿಲೆಯ ಲಕ್ಷಣವಾಗಿರಬಹುದು. ಆಗ ಇರುವ ಮದ್ದು ಮುಖ್ಯವಾಗಿ ಒಂದೇ, ಕೆಳಕ್ಕೆ ಇಳಿಸುವುದು. ಅಳುವ ಹುಡುಗನನ್ನು, ಇನ್ನೊಂದು ದಿನ ನೋಡೋಣವೆಂದು ಅಂಗಲಾಚುವ ಹುಡುಗನನ್ನು, ಆ ಕ್ಷಣ ಇಳಿಸಿಬಿಡುವ ಕಠಿಣತೆ ಬೋಧಕನಿಗೆ ಬೇಕು. ಈ ನಿಯಮಕ್ಕೆ ಯಾರೂ ಹೊರತಲ್ಲ. ಪ್ರಾಂಶುಪಾಲ ಜಯಾಲ್ ಅವರೇ 1958ರಲ್ಲಿ ಚೋ ಓಯು ಶಿಖರದ ಯಾತ್ರೆಗೆ ಹೋದಾಗ ಎತ್ತರದ ಕಾಯಿಲೆಗೆ ತುತ್ತಾಗಿ ತೀರಿಕೊಂಡರು.

ಈ ಶಾಲೆಯಿಂದ ಬಂದ ಫಲ ಅಲ್ಪವಲ್ಲ. 1960ರಲ್ಲಿ ಬ್ರಿಗೇಡಿಯರ್ ಗ್ಯಾನ್ ಸಿಂಗ್ ನಾಯಕತ್ವದಲ್ಲಿ ಹೊರಟ ಮೊದಲ ಭಾರತೀಯ ಎವರೆಸ್ಟ್ ತಂಡದಲ್ಲಿ ಮೂವರು ಶಿಖರದ ಹತ್ತಿರದವರೆಗೆ ಹೋಗಿ, ಹವೆ ಕೆಟ್ಟಾಗ ಹಿಂದಿರುಗಿದರು. 1965ರಲ್ಲಿ ಎಂ. ಎಸ್. ಕೊಹ್ಲಿ ನಾಯಕತ್ವದ ತಂಡದ ಒಂಬತ್ತು ಮಂದಿ ಶಿಖರ ಮುಟ್ಟಿದರು. ಹಿಂದಿರುಗುವುದನ್ನು ಕಲಿತ ಮೇಲೆ ಮುಟ್ಟಿದರೆಂಬುದನ್ನು ಗಮನಿಸಬೇಕು. ಎರಡು ಬಾರಿಯೂ ಮುಂದಿನ ಸಾಲಿನಲ್ಲಿದ್ದವರು ನವಾಂಗ್ ಗೊಂಬು. ತೇನ್‌ಸಿಂಗರು ಅವರ ಸೋದರಮಾವ. 1963ರಲ್ಲಿ ಅಮೆರಿಕದ ತಂಡದೊಡನೆ, 1965ರಲ್ಲಿ ನಮ್ಮ ತಂಡದೊಡನೆ ಶಿಖರವೇರಿ, ಎವರೆಸ್ಟನ್ನು ಎರಡು ಸಲ ಹತ್ತಿದ ಮೊದಲಿಗರೆನಿಸಿದರು. ಆ ಹೆಸರಿನ ಮೇಲೆ ಮತ್ತೇನಾದರೂ ಮಾಡಬಹುದಾಗಿತ್ತು. ಅವರು ದಾರ್ಜೀಲಿಂಗಿಗೆ ಹಿಂದಿರುಗಿ ಪಾಠಕ್ಕೆ ನಿಂತರು. 1976ರಲ್ಲಿ ಸೋದರಮಾವನು ಬಿಟ್ಟ ಸ್ಥಾನ ಅಳಿಯನಿಗೆ ಬಂದಿತು.

ಹೀಗೆಂದು ಎಲ್ಲವೂ ಸರಿಹೋಯಿತೆನ್ನಲಾಗದು. ಪ್ರಾಂಶುಪಾಲರ ಕುರ್ಚಿ ಸೇನಾಧಿಕಾರಿಗಳಿಗೆ, ಹಿಮದ ಮೇಲಿನ ಪಾಠ ಶೆರ್ಪಾಗಳಿಗೆ ಎಂಬ ವಿಭಾಗ ಮೊದಲಿನಿಂದಲೂ ಬೆಳೆದುಬಂದಿತು. ಆಡಳಿತಕ್ಕೆ ಓದುಬರಹ ಬೇಕು, ನಿಜ. ತೇನ್‌ಸಿಂಗರು ಹಲವು ಭಾಷೆಗಳನ್ನು ಆಡಬಲ್ಲವರಾಗಿದ್ದರೂ ಓದಿ ಬರೆಯುವುದನ್ನು ಕಲಿತಿರಲಿಲ್ಲ. ಅವರ ಆತ್ಮಕಥೆಯನ್ನೂ ಬೇರೊಬ್ಬರು ಕೇಳಿ ಬರೆದುಕೊಂಡರು. ಒಂದು ಕಾಲದಲ್ಲಿ ಸಾಹೇಬರ ನಾಲ್ಕು ಸಾಲು ಬೇಕಾಗಿತ್ತು. ಈಗ ಪದವಿಯ ಕಾಗದ ಬೇಕಾಯಿತು. ಕಾಗದದಲ್ಲಿ ಇಲ್ಲದ ವಿದ್ಯೆಗೆ ನಾವು ಕೈ ಮುಗಿಯುತ್ತೇವೆ, ಹಾರ ಹಾಕುತ್ತೇವೆ; ಅಧಿಕಾರ ಕೊಡುವಾಗ ಮಾತ್ರ ಹಿಂದೆಮುಂದೆ ನೋಡುತ್ತೇವೆ. ಬಡಗಿ, ದೋಣಿಯವನು, ಕಾಡಿನ ದಾರಿ ಬಲ್ಲವನು, ಇವರೆಲ್ಲರ ವಿಷಯದಲ್ಲಿಯೂ ನಮ್ಮ ನಡವಳಿಕೆ ಇದೇ ಅಲ್ಲವೆ?

1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಹುಟ್ಟಿತು. 1984ರಲ್ಲಿ ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಅಲ್ಲಿ ಕಲಿತವರು. ನಮ್ಮ ರಾಜ್ಯದಲ್ಲಿಯೂ ಕೊಡಗಿನ ವೀರ ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿ ಸಾಹಸ ಅಕಾಡೆಮಿಯೊಂದು ಇದೆ. ರಾಮನಗರದ ಬಂಡೆಗಳಲ್ಲಿ ರಜಾದಿನ ಹಗ್ಗ ಕಟ್ಟಿಕೊಂಡು ಹತ್ತುವ ಹುಡುಗ ಹುಡುಗಿಯರನ್ನು ಯಾರು ಬೇಕಾದರೂ ಕಾಣಬಹುದು. ಖುಂಬುವಿನಲ್ಲಿಯೇ ಶೆರ್ಪಾಗಳಿಗೆ ತಾಂತ್ರಿಕ ಶಿಕ್ಷಣ ಕೊಡುವ ಶಾಲೆಯೊಂದು 2003ರಿಂದ ನಡೆಯುತ್ತಿದೆ. ಆದರೂ ಬೆಟ್ಟ ತನ್ನ ಸುಂಕವನ್ನು ಬಿಟ್ಟಿಲ್ಲ. 2014ನೆಯ ಇಸವಿ ಏಪ್ರಿಲ್ 18ರಂದು ಎವರೆಸ್ಟಿನ ಹಿಮಪ್ರಪಾತದಲ್ಲಿ ಹದಿನಾರು ಮಂದಿ ನೇಪಾಳಿ ಕೆಲಸಗಾರರು ಹೋದರು. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ಶಾಲೆಯ ವಿದ್ಯಾರ್ಥಿಗಳು ದ್ರೌಪದಿ ಕಾ ದಾಂಡಾ ಶಿಖರದ ಬಳಿ ಹಿಮಕುಸಿತಕ್ಕೆ ಸಿಕ್ಕಿ, ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಕರ್ನಾಟಕದಿಂದ ಹೋದವರೂ ಅವರಲ್ಲಿದ್ದರು. ಬೋಧಕಿ ಸವಿತಾ ಕನ್ಸ್‌ವಾಲ್ ಅದೇ ವರ್ಷ ಎವರೆಸ್ಟನ್ನೂ ಮಕಾಲುವನ್ನೂ ಏರಿ ಬಂದು, ಮತ್ತೆ ಹೊಸಬರಿಗೆ ಪಾಠ ಹೇಳಲು ಹೋಗಿದ್ದರು. ಶಿಷ್ಯರೊಡನೆ ಅವರೂ ತೀರಿಕೊಂಡರು.

ತೇನ್‌ಸಿಂಗರು 1986ನೆಯ ಇಸವಿ ಮೇ 9ರಂದು ದಾರ್ಜೀಲಿಂಗಿನಲ್ಲಿ ನಿಧನರಾದರು. ಅವರು ಪಾಠ ಹೇಳಿದ ಸಂಸ್ಥೆಯ ಆವರಣದಲ್ಲಿ ಅವರ ಪ್ರತಿಮೆ ನಿಂತಿದೆ. ನೋಡಹೋದವರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಶಾಲೆಯಿಂದ ಪ್ರತಿ ವರ್ಷವೂ ಹುಡುಗರ ತಂಡಗಳು ಬೆನ್ನಿಗೆ ಚೀಲ ಕಟ್ಟಿಕೊಂಡು ಸಿಕ್ಕಿಮಿನ ದಾರಿ ಹಿಡಿಯುತ್ತವೆ. ಅವರ ಸಾಲಿನ ಕೊನೆಯಲ್ಲಿ, ಯಾರು ಹಿಂದೆ ಬಿದ್ದರೆಂದು ನೋಡಿಕೊಳ್ಳುತ್ತ, ಬೋಧಕನೊಬ್ಬನು ನಿಧಾನವಾಗಿ ನಡೆದು ಬರುತ್ತಿರುತ್ತಾನೆ. ನಮ್ಮ ಮನೆಯ ಮಕ್ಕಳನ್ನು ಇಂಥ ಶಿಬಿರಗಳಿಗೆ ಕಳುಹಿಸುವಾಗ ಎಷ್ಟು ಎತ್ತರ ಹತ್ತಿಸುವಿರಿ ಎಂದು ಕೇಳುವುದು ವಾಡಿಕೆ. ಕರೆದೊಯ್ಯುವವರು ಯಾರು, ಅವರು ಎಲ್ಲಿ ಕಲಿತವರು, ಹಿಂದಿರುಗಿ ಎಂದು ಅವರು ಹೇಳಿದರೆ ಆ ಮಾತು ನಡೆಯುವುದೇ ಎಂದು ಮೊದಲು ಕೇಳುವುದು ಮೇಲು.