ಇಳಕಲ್ಲಿನ ರೋಗಿ ಯಾವ ಲೆಕ್ಕದಲ್ಲಿ?

ಇಳಕಲ್ಲಿನ ನೇಕಾರರೊಬ್ಬರು ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಬಂದರೆ ಅವರನ್ನು ಯಾವ ಊರಿನ ಲೆಕ್ಕಕ್ಕೆ ಸೇರಿಸಬೇಕು? ನೀವೇ ಯೋಚಿಸಿ.

ಮುಂಬಯಿಯಲ್ಲಿ 1963ರಲ್ಲೇ ಆರಂಭವಾಗಿದ್ದ ಕ್ಯಾನ್ಸರ್ ನೋಂದಣಿ 1982ರಲ್ಲಿ ಕಿದ್ವಾಯಿಗೂ ಬಂತು. ರೋಗಿಗಳು ತಾವಾಗಿ ಹೆಸರು ಬರೆಸುವುದಿಲ್ಲ. ನೋಂದಣಿ ಸಿಬ್ಬಂದಿಯೇ ಆಸ್ಪತ್ರೆ, ಪ್ರಯೋಗಶಾಲೆ, ಜನನ-ಮರಣ ಕಚೇರಿಗಳನ್ನು ಸುತ್ತಿ, ಕಡತ ತಿರುವಿ, ಪ್ರತಿ ಗಡ್ಡೆಗೂ ಅಂತರರಾಷ್ಟ್ರೀಯ ಸಂಕೇತಸಂಖ್ಯೆ ಕೊಡುತ್ತಾರೆ. ಒಬ್ಬರನ್ನೇ ಎರಡು ಸಲ ಎಣಿಸಬಾರದಲ್ಲ! ಅದಕ್ಕೆ ಗಣಕಯಂತ್ರ ಬೇಕು. ಬಸಪ್ಪ, ಬಸವಪ್ಪ ಒಬ್ಬರೇ ಇರಬಹುದೆಂದು ಅನುಮಾನಿಸುವ ಕನ್ನಡಿಗರೂ ಬೇಕು.

ನಮ್ಮ ನೇಕಾರರು ಕಿದ್ವಾಯಿಯ ಆಸ್ಪತ್ರೆ ನೋಂದಣಿಯಲ್ಲಿರುತ್ತಾರೆ. ಬೆಂಗಳೂರಿನ ನಿವಾಸಿಯಲ್ಲವಾದ್ದರಿಂದ ಆ ನಗರದ ಜನಸಂಖ್ಯಾ ನೋಂದಣಿಯಲ್ಲಿರುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದಗಳಲ್ಲಿ ಕ್ಯಾನ್ಸರ್ ಎಷ್ಟೆಂದು ಬೆಂಗಳೂರಿನ ಅಂಕಿಗಳು ಹೇಳಲಾರವು. ಜೀವಶಾಸ್ತ್ರವೂ ಗಣಕವೂ ಇಷ್ಟವಾದವರೇ, ಆ ಲೆಕ್ಕ ಬರೆಯುವುದೂ ಒಂದು ವೃತ್ತಿ.