ಸೈತಾನ ಬರಲೇ ಇಲ್ಲ

2021ರ ಜನವರಿ 15ರಿಂದ ಮಾರ್ಚ್ 5ರವರೆಗೆ ನನ್ನ ಶುಕ್ರವಾರಗಳೆಲ್ಲ ‘ವಾಂಡಾವಿಷನ್’ ಪಾಲಾಗಿದ್ದವು. ಮಾರ್ವೆಲ್‌ನ ಈ ಸೂಪರ್‌ಹೀರೋ ಸರಣಿಯ ಒಂಬತ್ತು ಕಂತುಗಳನ್ನು ನಾನು ನೋಡಿದ್ದಕ್ಕಿಂತ ನಿಲ್ಲಿಸಿ ನಿಲ್ಲಿಸಿ ಹುಡುಕಿದ್ದೇ ಹೆಚ್ಚು. ಪ್ರೀತಿಸಿದವನನ್ನು ಕಳೆದುಕೊಂಡ ವಾಂಡಾ, ತನ್ನ ಮಾಯಾಶಕ್ತಿಯಿಂದ ವೆಸ್ಟ್‌ವ್ಯೂ ಎಂಬ ಊರನ್ನೇ ಹಳೆಯ ಕಾಲದ ಟಿವಿ ಹಾಸ್ಯ ಧಾರಾವಾಹಿಯಂತೆ ಬದಲಿಸಿ, ಅಲ್ಲಿ ಅವನೊಡನೆ ಸಂಸಾರ ಹೂಡುತ್ತಾಳೆ. ಕಥೆ ಇಷ್ಟೇ.

ನಮಗೆ ಇಷ್ಟು ಸಾಲಲಿಲ್ಲ. ಇದರ ಹಿಂದೆ ಮೆಫಿಸ್ಟೋನ ಕೈವಾಡವಿದೆ ಎಂದು ಎಷ್ಟೋ ಅಭಿಮಾನಿಗಳು ತೀರ್ಮಾನಿಸಿಬಿಟ್ಟಿದ್ದರು. ಅವರಲ್ಲಿ ನಾನೂ ಇದ್ದೆ. ಮೆಫಿಸ್ಟೋ 1968ರಿಂದ ಮಾರ್ವೆಲ್ ಕಾಮಿಕ್ಸ್‌ನಲ್ಲಿರುವ ಸೈತಾನ. ವಾಂಡಾಳ ಅವಳಿ ಮಕ್ಕಳು ಅವನ ಆತ್ಮದ ಚೂರುಗಳೆಂಬ ಕಥೆಯೂ ಆ ಕಾಮಿಕ್ಸ್‌ನಲ್ಲಿ ಬಂದಿತ್ತು. ಹಾಗಾಗಿ ಎರಡನೇ ಕಂತಿನಲ್ಲಿ ಯಾರೋ ಮಾತಿನ ನಡುವೆ ಸೈತಾನನ ಹೆಸರೆತ್ತಿದ್ದೇ ಸಾಕಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಷಟ್ಕೋನಗಳು, ಕಥೆಯ ನಡುವಿನ ಜಾಹೀರಾತುಗಳು, ಪಕ್ಕದ ಮನೆಯವಳ ನಗು, ಎಲ್ಲವೂ ಅವನನ್ನೇ ತೋರಿಸತೊಡಗಿದವು.

ನಮ್ಮ ಊಹೆಗಳೆಲ್ಲ ಸುಳ್ಳಾಗಲಿಲ್ಲ. ಪಕ್ಕದ ಮನೆಯ ಆಗ್ನೆಸ್, ಕಾಮಿಕ್ಸ್‌ನ ಮಾಟಗಾತಿ ಅಗಾಥಾ ಹಾರ್ಕ್‌ನೆಸ್ ಎಂದು ಹಲವರು ಹೇಳಿದ್ದರು. ಆ ಹೆಸರಿನ ಮೊದಲನ್ನೂ ಕೊನೆಯನ್ನೂ ಜೋಡಿಸಿದರೆ ಆಗ್ನೆಸ್ ಆಗುತ್ತದೆ. ಏಳನೇ ಕಂತು ಅದನ್ನು ನಿಜವೆಂದಿತು. ಅಲ್ಲಿಂದ ನಮ್ಮನ್ನು ಹಿಡಿಯುವವರೇ ಇರಲಿಲ್ಲ.

ಎಂಟನೇ ಕಂತು 1693ರ ಸೇಲಂನಲ್ಲಿ ತೆರೆಯುತ್ತದೆ. ಅಗಾಥಾಳನ್ನು ಉಳಿದ ಮಾಟಗಾತಿಯರೇ ಕಂಬಕ್ಕೆ ಕಟ್ಟಿ ವಿಚಾರಿಸುತ್ತಾರೆ. ಇತಿಹಾಸ ಓದಿದ ನಾನು ಅಲ್ಲಿ ಬೆಚ್ಚಿದೆ. ಸೈತಾನನನ್ನು ಹುಡುಕಿ ಹೊರಟವರ ನಿಜವಾದ ಊರು ಅದು.

ಮ್ಯಾಸಚೂಸೆಟ್ಸ್‌ನ ಸೇಲಂ ಪ್ರಕರಣದಲ್ಲಿ 1692ರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಯಾರನ್ನೂ ಸುಡಲಿಲ್ಲ. ಜೈಲ್ಸ್ ಕೋರಿ ಎಂಬ ಮುದುಕನನ್ನು ಮಾತ್ರ ಮೈಮೇಲೆ ಕಲ್ಲು ಹೇರಿ ಕೊಂದರು. ಆ ನ್ಯಾಯಾಲಯ ಒಪ್ಪಿಕೊಂಡ ಸಾಕ್ಷ್ಯಗಳಲ್ಲಿ ಒಂದು ವಿಚಿತ್ರವಾದದ್ದು. ಆರೋಪಿಯ ಛಾಯಾರೂಪ ಬಂದು ತನ್ನನ್ನು ಚಿವುಟಿತು, ಕಚ್ಚಿತು ಎಂದು ದೂರುವವಳು ಹೇಳುತ್ತಿದ್ದಳು. ಆರೋಪಿ ಆ ಹೊತ್ತಿಗೆ ಬೇರೆಲ್ಲೋ ಇದ್ದರೂ ಪ್ರಯೋಜನವಿಲ್ಲ. ಆ ರೂಪ ಬೇರೆ ಯಾರಿಗೂ ಕಾಣದು; ಕಾಣದ್ದನ್ನು ಅಲ್ಲಗಳೆಯುವುದು ಹೇಗೆ? ಅಕ್ಟೋಬರ್‌ನಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಆ ನ್ಯಾಯಾಲಯವನ್ನು ವಿಸರ್ಜಿಸಿದ. ಮರುವರ್ಷ ಹೊಸ ನ್ಯಾಯಾಲಯ ಛಾಯೆಯ ಸಾಕ್ಷ್ಯವನ್ನು ಬದಿಗಿಟ್ಟಿತು. ವಿಚಾರಣೆಗೆ ಬಂದವರಲ್ಲಿ ಹೆಚ್ಚಿನವರು ಬಿಡುಗಡೆಯಾದರು.

ನಮ್ಮ ಆಟದಿಂದ ಯಾರ ಕೂದಲೂ ಕೊಂಕಲಿಲ್ಲ, ನಿಜ. ಆದರೆ ಯೋಚನೆಯ ದಾರಿ ಒಂದೇ. ಆಗ್ನೆಸ್ ಕುರಿತ ಊಹೆ ಸುಳ್ಳಾಗಬಹುದಿತ್ತು. ಆದ್ದರಿಂದಲೇ ಅದು ನಿಜವಾದಾಗ ಬೆಲೆ ಬಂತು. ಮೆಫಿಸ್ಟೋ ಕುರಿತ ಊಹೆಗೆ ಸೋಲೇ ಇರಲಿಲ್ಲ. ಅವನು ಕಾಣದಿದ್ದರೆ, ಅಡಗಿದ್ದಾನೆ ಎನ್ನುತ್ತಿದ್ದೆವು.

ಕೊನೆಯ ಕಂತಿನಲ್ಲೂ ಅವನು ಬರಲಿಲ್ಲ. ವಾಂಡಾ ತಾನು ಕಟ್ಟಿದ ಮನೆಯಲ್ಲಿ ಗಂಡನನ್ನೂ ಮಕ್ಕಳನ್ನೂ ಬೀಳ್ಕೊಟ್ಟಳು. ನಾನು ಆಗಲೂ ಮೂಲೆಗಳನ್ನೇ ನೋಡುತ್ತಿದ್ದೆ. ಒಬ್ಬ ಹೆಂಗಸಿನ ದುಃಖ ಎಂಟು ವಾರ ಕಣ್ಣೆದುರಿಗೇ ಇತ್ತು, ಅದಕ್ಕೆ ನಾನು ಸೈತಾನನ ಹೆಸರಿಟ್ಟಿದ್ದೆ.

1697ರಲ್ಲಿ, ಸೇಲಂನ ನ್ಯಾಯಾಧೀಶರಲ್ಲೊಬ್ಬನಾಗಿದ್ದ ಸ್ಯಾಮ್ಯುಯೆಲ್ ಸೂವಾಲ್ ಬಾಸ್ಟನ್ನಿನ ಚರ್ಚೊಂದರಲ್ಲಿ ತನ್ನ ತಪ್ಪೊಪ್ಪಿಗೆಯನ್ನು ಪಾದ್ರಿಯಿಂದ ಓದಿಸಿದ. ಓದಿ ಮುಗಿಯುವವರೆಗೆ ಎಲ್ಲರೆದುರು ನಿಂತೇ ಇದ್ದ. ಮೊದಲ ಕಂತಿನಿಂದ ಸರಣಿಯನ್ನು ಮತ್ತೆ ನೋಡಲು ಕೂತಾಗ ನನಗೆ ಅವನು ನೆನಪಾದ. ಈ ಸಲ ಎಲ್ಲೂ ನಿಲ್ಲಿಸಲಿಲ್ಲ.